ಹೊಳೆ ದಂಡೆಗೆ ಎಲ್ಲರೂ ಇಳಿಯೋದು ಹೇಗೆ?

ಬೆಳಗಾವಿ, ಬಾಗಲಕೋಟೆ, ವಿಜಯಪುರ. ಈ ಮೂರೂ ಜಿಲ್ಲೆಗಳಿಗೆ ಸಮುದ್ರ ಇಲ್ಲ. ಬೀಚ್ ನೋಡಬೇಕು ಅಂದ್ರೆ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗಬೇಕು, ಇಲ್ಲವೇ ಕಾರವಾರ, ಗೋಕರ್ಣ. ಆದರೆ ಬೇರೆಯವರು ಬೀಚ್‌ನಲ್ಲಿ ಏನೇನು ಮಾಡುತ್ತಾರೋ ಅದನ್ನೆಲ್ಲ ನಾವು ಹೊಳೆ ದಂಡೆಯಲ್ಲಿ, ಕೆರೆ ದಂಡೆಯಲ್ಲಿ ಮಾಡುತ್ತೇವೆ. ಸಂಕ್ರಾಂತಿಗೆ ಮೈಗೆ ಎಳ್ಳು ಹಚ್ಚಿಕೊಂಡು ಕೂಡಲಸಂಗಮದಲ್ಲಿ ಮುಳುಗು ಹಾಕುತ್ತೇವೆ. ಅಲ್ಲೇ ಬುತ್ತಿ ಬಿಚ್ಚಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ತಿನ್ನುತ್ತೇವೆ. ರವಿವಾರ ಮಕ್ಕಳು ಹಟ ಹಿಡಿದರೆ ಆಲಮಟ್ಟಿ ಗಾರ್ಡನ್. ಸಂಜೆ ವಾಕಿಂಗ್‌ಗೆ ಬೆಳಗಾವಿಯವರಿಗೆ ಕೋಟೆ ಕೆರೆ, ವಿಜಯಪುರದವರಿಗೆ ಭೂತನಾಳ ಕೆರೆ.

ಈ ಜಾಗಗಳಲ್ಲಿ ಹಬ್ಬದ ದಿನ ಸ್ವಲ್ಪ ಕಣ್ಣಾಡಿಸಿ ನೋಡಿ. ಮೊಣಕಾಲು ಹಿಡಿದುಕೊಂಡ ಆಯಿ ಟಂಟಂನಲ್ಲೇ ಕೂತಿರುತ್ತಾಳೆ. ಯಾರೋ ತಂಬಿಗೆಯಲ್ಲಿ ನೀರು ತಂದು ಅವಳ ತಲೆಗೆ ಚಿಮುಕಿಸುತ್ತಾರೆ, ಸ್ನಾನ ಆಯ್ತು. ಪೋಲಿಯೊ ಆದ ಕಾಕಾ ಮೇಲೆ ಮರದ ಕೆಳಗೆ ಎಲ್ಲರ ಚಪ್ಪಲಿ, ಮೊಬೈಲ್ ಕಾಯುತ್ತಾನೆ. ಮನೆಯಿಂದ 40 ಕಿಲೋಮೀಟರ್ ಬಂದವರಿಗೆ ಕೊನೆಯ ಐವತ್ತು ಹೆಜ್ಜೆ ಮಾತ್ರ ಸಿಗಲಿಲ್ಲ. ಆ ಐವತ್ತು ಹೆಜ್ಜೆಯನ್ನು ಸರಿ ಮಾಡುವುದು ಹೇಗೆ ಅನ್ನುವುದು ಒಂದು ಸಣ್ಣ ಎಂಜಿನಿಯರಿಂಗ್ ಪ್ರಶ್ನೆ. ಸಮುದ್ರ ಇರುವ ಊರುಗಳು ಇದಕ್ಕೆ ಈಗಾಗಲೇ ಕೆಲವು ಉತ್ತರ ಹುಡುಕಿವೆ. ಅವನ್ನು ಹಾಗೇ ತಂದು ಇಲ್ಲಿ ಕೂರಿಸಲು ಆಗುವುದಿಲ್ಲ, ಯಾಕೆ ಅಂತಲೂ ನೋಡೋಣ.

ಮೊದಲು ಬೀಚ್‌ನ ಕಥೆ. ಗಾಲಿಕುರ್ಚಿ ಮರಳಲ್ಲಿ ಯಾಕೆ ಹೂತುಹೋಗುತ್ತದೆ? ಅದರ ಮುಂದಿನ ಎರಡು ಗಾಲಿ ಚಿಕ್ಕವು, ತೆಳ್ಳಗಿನವು. ಭಾರ ಬೆರಳಗಲದ ಜಾಗದ ಮೇಲೆ ಬೀಳುತ್ತದೆ. ಮರಳು ಸರಿದು ಗಾಲಿ ಕೆಳಗೆ ಇಳಿಯುತ್ತದೆ. ತಳ್ಳಿದಷ್ಟೂ ಇನ್ನಷ್ಟು ಇಳಿಯುತ್ತದೆ. ಇದಕ್ಕೆ ಎರಡು ದಾರಿ. ಒಂದು, ಗಾಲಿಯನ್ನೇ ದಪ್ಪ ಬಲೂನಿನಂತೆ ಮಾಡಿ ಭಾರ ಹಂಚುವುದು. ಬೀಚ್ ಗಾಲಿಕುರ್ಚಿ ಅಂದ್ರೆ ಇದೇ. ಇನ್ನೊಂದು, ಮರಳಿನ ಮೇಲೆ ಗಟ್ಟಿ ದಾರಿ ಹಾಸುವುದು. ಸುತ್ತಿಡಬಹುದಾದ ಚಾಪೆಯಾದರೂ ಸೈ, ಮರದ ಹಲಗೆಯಾದರೂ ಸೈ.

ಚೆನ್ನೈನ ಮರೀನಾದಲ್ಲಿ ರಸ್ತೆಯಿಂದ ನೀರು ಬಹಳ ದೂರ. ನಡೆಯುವವರಿಗೇ ಸುಸ್ತಾಗುತ್ತದೆ. ಅಲ್ಲಿನ ಪಾಲಿಕೆ 2022ರ ನವೆಂಬರ್‌ನಲ್ಲಿ 263 ಮೀಟರ್ ಉದ್ದ, 3 ಮೀಟರ್ ಅಗಲದ ಮರದ ದಾರಿ ತೆರೆಯಿತು. ಖರ್ಚು ಸುಮಾರು 1.14 ಕೋಟಿ ರೂಪಾಯಿ. ಗಾಲಿಕುರ್ಚಿಯಲ್ಲಿ ಓಡಾಡುವ ಎಷ್ಟೋ ಚೆನ್ನೈ ಜನ ಆಗಲೇ ಮೊದಲ ಸಲ ಅಲೆಯ ಹತ್ತಿರ ಹೋದದ್ದು. ಮುಂದಿನ ತಿಂಗಳೇ ಮಾಂಡೌಸ್ ಚಂಡಮಾರುತ ಬಂದು ಅದರ ಒಂದು ಭಾಗವನ್ನು ಕಿತ್ತುಹಾಕಿತು. ದುರಸ್ತಿ ಮಾಡಿ ಮತ್ತೆ ತೆರೆದರು. ನನಗೆ ಈ ಕಥೆಯಲ್ಲಿ ಉದ್ಘಾಟನೆಗಿಂತ ದುರಸ್ತಿಯೇ ಮುಖ್ಯ ಅನಿಸುತ್ತದೆ. ಅದು ಯಾಕೆ ಅಂತ ಕೃಷ್ಣೆಯ ದಂಡೆಗೆ ಬಂದಾಗ ಗೊತ್ತಾಗುತ್ತದೆ. ನಮ್ಮ ರಾಜ್ಯದ್ದೇ ಕಾಸರಕೋಡ್ ಮತ್ತು ಪಡುಬಿದ್ರಿ ಬೀಚ್‌ಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು, ಅಂದ್ರೆ ಸ್ವಚ್ಛ, ಸುರಕ್ಷಿತ ಬೀಚ್‌ಗಳಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ. ಅದಕ್ಕೆ 33 ಷರತ್ತುಗಳಿವೆ. ನೀರಿನ ಶುದ್ಧತೆ, ಕಸ, ಜೀವರಕ್ಷಕರ ಜೊತೆಗೆ ಅಂಗವಿಕಲರಿಗೆ ದಾರಿ ಮತ್ತು ಸೌಲಭ್ಯ ಅನ್ನುವುದೂ ಆ ಪಟ್ಟಿಯಲ್ಲಿದೆ. ಗ್ರೀಸ್‌ನ ಹಲವು ಬೀಚ್‌ಗಳಲ್ಲಿ ಹಳಿಯ ಮೇಲೆ ಓಡುವ ಕುರ್ಚಿ ಇದೆ. ಸೋಲಾರ್‌ನಿಂದ ನಡೆಯುತ್ತದೆ. ಕೂತವರು ತಾವೇ ಬಟನ್ ಒತ್ತಿ ನೀರಿಗಿಳಿದು, ಈಜಾಡಿ, ಹಾಗೇ ವಾಪಸ್ ಬರಬಹುದು. ಯಾರನ್ನೂ ಕರೆಯಬೇಕಿಲ್ಲ.

ಈಗ ನಮ್ಮೂರಿಗೆ ಬನ್ನಿ. ನಮ್ಮ ದಂಡೆಯಲ್ಲಿ ಮರಳಿಗಿಂತ ಎರೆ ಮಣ್ಣು ಜಾಸ್ತಿ. ಒಣಗಿದಾಗ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು. ಒದ್ದೆಯಾದರೆ ಚಪ್ಪಲಿಗೆ ಮೆತ್ತಿ ಮೆತ್ತಿ ಒಂದೊಂದು ಹೆಜ್ಜೆಯೂ ಕಿಲೋ ತೂಗುತ್ತದೆ. ಬೀಚ್‌ನ ಬಲೂನ್ ಗಾಲಿ ಇಲ್ಲಿ ಹತ್ತೇ ಮಾರು ಹೋಗಿ ಮಣ್ಣಿನ ಉಂಡೆಯಾಗುತ್ತದೆ. ಚಾಪೆ ಹಾಸಿದರೆ ಮೇಲೆ ಕೆಸರು ಕೂತು ಜಾರುತ್ತದೆ. ಹಾಗಾಗಿ ನಮಗೆ ಗರಸು ತುಂಬಿ ಗಟ್ಟಿ ಮಾಡಿ, ಮೇಲೆ ಕಾಂಕ್ರೀಟ್ ಅಥವಾ ಕಲ್ಲು ಹಾಕಿದ ಕಾಯಂ ದಾರಿಯೇ ಬೇಕು. ಎರೆ ನೆಲ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಅಡಿಪಾಯದಲ್ಲಿ ಆ ಮಣ್ಣನ್ನು ತೆಗೆಯದೆ ಹಾಗೇ ದಾರಿ ಹಾಕಿದರೆ ಬೇಗನೇ ಒಡೆದು ಮೂಲೆ ಮೇಲೇಳುತ್ತದೆ. ನಡೆಯುವವರು ಎಡವಿ ಮುಂದೆ ಹೋಗುತ್ತಾರೆ. ಗಾಲಿಕುರ್ಚಿ ಮಾತ್ರ ಅಲ್ಲೇ ನಿಲ್ಲುತ್ತದೆ.

ಮಣ್ಣಿಗಿಂತ ದೊಡ್ಡ ತಲೆನೋವು ನೀರಿನ ಮಟ್ಟ. ಸಮುದ್ರ ದಿನಕ್ಕೆರಡು ಸಲ ಏರಿಳಿದರೂ ಹೆಚ್ಚು ಕಡಿಮೆ ಅದೇ ಜಾಗದಲ್ಲಿ ಇರುತ್ತದೆ. ಕೃಷ್ಣೆ ಹಾಗಲ್ಲ. ಆಲಮಟ್ಟಿ ಜಲಾಶಯದ ತುಂಬಿದ ಮಟ್ಟ ಸಮುದ್ರ ಮಟ್ಟದಿಂದ 519.60 ಮೀಟರ್. ಕೃಷ್ಣೆ ಮತ್ತು ಮಲಪ್ರಭೆ ಸೇರುವ ಕೂಡಲಸಂಗಮವೂ ಹಿನ್ನೀರಿನ ದಂಡೆಯಲ್ಲೇ ಇದೆ. ಮಳೆಗಾಲ ಮುಗಿಯುವ ಹೊತ್ತಿಗೆ ನೀರು ಮೇಲಿನ ಮೆಟ್ಟಿಲಿಗೆ ಬಂದಿರುತ್ತದೆ. ಬೇಸಿಗೆಯಲ್ಲಿ ಹಿಂದೆ ಸರಿದು ಕೆಸರಿನ ಬಯಲು ಬಿಟ್ಟು ಹೋಗುತ್ತದೆ. ಒಂದೇ ಜಾಗಕ್ಕೆ ಇಳಿಯುವ ರ‍್ಯಾಂಪ್ ಕಟ್ಟಿದರೆ ಏನಾಗುತ್ತದೆ ಹೇಳಿ. ಸೆಪ್ಟೆಂಬರ್‌ನಲ್ಲಿ ಅದು ನೀರಿನೊಳಗೆ. ಮೇ ತಿಂಗಳಲ್ಲಿ ಅದರ ತುದಿ ಕೆಸರಿನ ಮೇಲೆ, ನೀರು ಎಲ್ಲೋ ದೂರ.

ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯ ಮಂಟಪ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅಣೆಕಟ್ಟೆಯ ನೀರಲ್ಲಿ ಮುಳುಗಬಾರದು ಅಂತ ಅದರ ಸುತ್ತ ಬಾವಿಯಂತೆ ಎತ್ತರದ ಗೋಡೆ ಕಟ್ಟಿದ್ದಾರೆ. ಸೇತುವೆ ದಾಟಿ, ಮೆಟ್ಟಿಲಿಳಿದು ಒಳಗೆ ಹೋಗಬೇಕು. ನೀರನ್ನು ಹೊರಗಿಡಲು ಅಷ್ಟು ದೊಡ್ಡ ಕೆಲಸ ಮಾಡಿದವರು ನಾವು. ಮನುಷ್ಯರನ್ನು ಒಳಗೆ ಕರೆತರಲು ಲಿಫ್ಟ್ ಯೋಚನೆ ಮಾಡುವುದು ಅದಕ್ಕೆ ಹೋಲಿಸಿದರೆ ಏನೇನೂ ಅಲ್ಲ.

ರ‍್ಯಾಂಪ್ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದ್ರೆ ಎಲ್ಲ ಕಡೆ ಎಡವುವುದು ಇಲ್ಲೇ. ಗಾಲಿಕುರ್ಚಿಯ ರ‍್ಯಾಂಪ್ 12ಕ್ಕೆ 1ಕ್ಕಿಂತ ಕಡಿದಾಗಿರಬಾರದು. ಅಂದ್ರೆ ಒಂದು ಅಡಿ ಏರಲು 12 ಅಡಿ ಉದ್ದ ಬೇಕು. ಒಂದು ಮೆಟ್ಟಿಲು 15 ಸೆಂಟಿಮೀಟರ್ ಅಂತ ಹಿಡಿಯಿರಿ. 12 ಮೆಟ್ಟಿಲಿಗೆ 1.8 ಮೀಟರ್ ಎತ್ತರ. ಅದಕ್ಕೆ ಕನಿಷ್ಠ 21.6 ಮೀಟರ್ ರ‍್ಯಾಂಪ್ ಬೇಕು, ನಡುವೆ ದಣಿವಾರಿಸಿಕೊಳ್ಳಲು ಸಪಾಟಾದ ಕಟ್ಟೆಗಳ ಜಾಗ ಬೇರೆ. ಎತ್ತರ ಜಾಸ್ತಿಯಾದಂತೆ ಇಳಿಜಾರು ಇನ್ನೂ ಕಡಿಮೆ ಇರಬೇಕು. 40 ಮೆಟ್ಟಿಲಿನ ಘಾಟ್ ಅಂದ್ರೆ 6 ಮೀಟರ್ ಎತ್ತರ. 20ಕ್ಕೆ 1ರಂತೆ ಮಾಡಿದರೆ 120 ಮೀಟರ್ ದಾರಿ. ಗಾಬರಿಯಾಗುವ ಲೆಕ್ಕವೇನಲ್ಲ, ಮರೀನಾದ್ದು ಇದರ ಎರಡರಷ್ಟು ಉದ್ದ ಇದೆ.

ಆದರೆ ನಮ್ಮಲ್ಲಿ ಸಾಮಾನ್ಯವಾಗಿ ಏನು ಮಾಡುತ್ತಾರೆ? ಮೆಟ್ಟಿಲಿನ ಪಕ್ಕ ಎಷ್ಟು ಜಾಗ ಉಳಿದಿದೆಯೋ ಅಷ್ಟರಲ್ಲಿ ಕಾಂಕ್ರೀಟ್ ಸುರಿಯುತ್ತಾರೆ. ಎತ್ತರ ಅಳೆಯುವುದಿಲ್ಲ, ಜಾಗ ಅಳೆಯುತ್ತಾರೆ. ನಾಲ್ಕಕ್ಕೆ ಒಂದರ ಆ ಇಳಿಜಾರಿನಲ್ಲಿ ಗಾಲಿಕುರ್ಚಿ ಹತ್ತುವುದಿಲ್ಲ. ಇಳಿಯುವಾಗ ಹಿಡಿತಕ್ಕೂ ಸಿಗುವುದಿಲ್ಲ. ಅದರ ಮೇಲೆ ಬೈಕ್ ಹತ್ತಿಸಿ ಒಳಗೆ ನಿಲ್ಲಿಸುತ್ತಾರೆ, ಅಷ್ಟೇ. ಕಾಗದದ ಮೇಲೆ ಮಾತ್ರ ‘ರ‍್ಯಾಂಪ್ ಇದೆ’.

ಏರಿಳಿಯುವ ನೀರಿಗೂ ಉದ್ದದ ರ‍್ಯಾಂಪಿಗೂ ಒಂದೇ ಉಪಾಯ ಇದೆ. ರ‍್ಯಾಂಪನ್ನು ನೀರಿನ ಕಡೆಗೆ ನೇರ ಇಳಿಸಬಾರದು. ದಂಡೆಯ ಉದ್ದಕ್ಕೂ ಓರೆಯಾಗಿ ಇಳಿಸಿ, ತಿರುಗಿಸಿ, ಮತ್ತೆ ಇಳಿಸಬೇಕು. ಘಾಟ್ ರಸ್ತೆಗಳು ಗುಡ್ಡ ಇಳಿಯುವಂತೆ. ಪ್ರತಿ ತಿರುವಿನಲ್ಲೂ ಅಗಲವಾದ ಒಂದು ಕಟ್ಟೆ. ಅಕ್ಟೋಬರ್‌ನಲ್ಲಿ ನೀರು ಮೇಲಿನ ಕಟ್ಟೆಯ ಹತ್ತಿರ ಇರುತ್ತದೆ, ಅದೇ ಆಗ ಸ್ನಾನದ ಜಾಗ. ಸಂಕ್ರಾಂತಿಗೆ ನಡುವಿನದು. ಬೇಸಿಗೆಗೆ ಕೆಳಗಿನದು. ಹೀಗೆ ದಣಿವಾರಿಸಲು ಬೇಕಾದ ಸಪಾಟು ಜಾಗವೇ ಘಾಟ್ ಆಗುತ್ತದೆ. ಪ್ರತಿ ಕಟ್ಟೆಯ ಅಂಚಿಗೆ ಕೂರುವ ಎತ್ತರದ, ಅಂದ್ರೆ 45 ಸೆಂಟಿಮೀಟರ್ ಸುಮಾರಿನ, ಕಲ್ಲಿನ ಬೆಂಚ್ ಇದ್ದರೆ ಗಾಲಿಕುರ್ಚಿಯಿಂದ ಅದಕ್ಕೆ ಜರುಗಿ ಕಾಲು ನೀರಿಗೆ ಬಿಡಬಹುದು. ಮೊಣಕಾಲು ಬಗ್ಗದ ಆಯಿಗೂ ಅದೇ ಬೆಂಚ್ ಸಾಕು.

ಕಟ್ಟುವುದು ಒಂದು ಸಲದ ಕೆಲಸ, ತೊಳೆಯುವುದು ಪ್ರತಿ ವರ್ಷದ್ದು. ನೀರು ಹಿಂದೆ ಸರಿದಾಗ ಕಟ್ಟೆಗಳ ಮೇಲೆ ಗೋಡು ಮಣ್ಣು ಕೂತಿರುತ್ತದೆ. ಒದ್ದೆ ಇರುವಾಗಲೇ ಪಂಪ್ ಹಚ್ಚಿ ತೊಳೆದರೆ ಒಂದು ದಿನದ ಕೆಲಸ. ಬಿಸಿಲಿಗೆ ಒಣಗಲು ಬಿಟ್ಟರೆ ಗುದ್ದಲಿ ಹಿಡಿಯಬೇಕು. ಅದರ ಮೇಲೆ ಪಾಚಿ ಬೆಳೆದರೆ ನಡೆಯುವವರೂ ಬೀಳುತ್ತಾರೆ. 2019ರ ಆಗಸ್ಟ್‌ನ ಪ್ರವಾಹ ನೆನಪಿದೆ ಅಲ್ವಾ? ಬೆಳಗಾವಿ, ಬಾಗಲಕೋಟೆಯ ಊರೂರೇ ಮುಳುಗಿದ್ದವು. ಅಂಥ ನೀರಿಗೆ ಕಂಬಿಬೇಲಿ ನಿಲ್ಲುವುದಿಲ್ಲ. ತೇಲಿ ಬಂದ ಕಸ, ಮರದ ಕೊಂಬೆ ಸಿಕ್ಕಿಕೊಂಡು ಬಗ್ಗಿಹೋಗುತ್ತದೆ. ಜೂನ್‌ನಲ್ಲಿ ಬಿಚ್ಚಿಟ್ಟು ನವೆಂಬರ್‌ನಲ್ಲಿ ಮತ್ತೆ ಕೂರಿಸುವಂಥ ಹಿಡಿಕೆ ಮಾಡಿಸುವುದು ಜಾಣತನ. ಆ ಬಿಚ್ಚಿಡುವ ಕೆಲಸ ಯಾರದು ಅಂತ ಮೊದಲೇ ಬರೆದಿಡಬೇಕು, ಇಲ್ಲದಿದ್ದರೆ ಅದು ಯಾರದೂ ಅಲ್ಲ.

ಹಿಡಿಕೆ ಅಂದಾಗ ಇನ್ನೊಂದು ಮಾತು. ಎಲ್ಲ ಕಡೆ ಈಗ ಹೊಳೆಯುವ ಸ್ಟೀಲ್ ಪೈಪ್ ಹಾಕುತ್ತಾರೆ. ನೋಡಲು ಚೆಂದ. ಏಪ್ರಿಲ್ ಮಧ್ಯಾಹ್ನ 40 ಡಿಗ್ರಿಯಲ್ಲಿ ಅದನ್ನು ಹಿಡಿದು ನೋಡಿ, ಕೈ ಸುಡುತ್ತದೆ. ಹಿಡಿಕೆಯ ಮೇಲೆ ಭಾರ ಹಾಕಿಯೇ ಇಳಿಯುವವರಿಗೆ ಅದು ಇದ್ದೂ ಇಲ್ಲದಂತೆ. ನೈಲಾನ್ ಹಗ್ಗ ಸುತ್ತಿದರೂ ಆದೀತು, ಮೇಲೆ ನೆರಳಿದ್ದರೆ ಇನ್ನೂ ಒಳ್ಳೆಯದು. ಕಲ್ಲಿನ ಕಥೆಯೂ ಅದೇ. ಕೈ ಊರಿ ತೆವಳಿಕೊಂಡು ಹೋಗುವವರು ನಮ್ಮ ಜಾತ್ರೆಗಳಲ್ಲಿ ಇವತ್ತಿಗೂ ಇದ್ದಾರೆ. ಬರಿಗಾಲವರು ಕುಣಿಯುತ್ತ ಓಡಿ ದಾಟುವ ಬಿಸಿ ಕಲ್ಲನ್ನು ಅವರು ಅಂಗೈಯಲ್ಲಿ ದಾಟಬೇಕು. ಇಳಕಲ್ ಗ್ರಾನೈಟ್ ನಮ್ಮದೇ ಕಲ್ಲು, ಹೆಮ್ಮೆ ಇರಲಿ. ಆದರೆ ಕನ್ನಡಿಯಂತೆ ಪಾಲಿಶ್ ಮಾಡಿ ಘಾಟಿಗೆ ಹಾಸಬೇಡಿ. ಒದ್ದೆಯಾದರೆ ಜಾರುತ್ತದೆ. ಒರಟಾಗಿ ಬಿಟ್ಟ ಮೇಲ್ಮೈಯೇ ಇಲ್ಲಿ ಒಳ್ಳೆಯದು.

ಇನ್ನು ಗೇಟು. ಕೆರೆ ದಂಡೆಯ ವಾಕಿಂಗ್ ದಾರಿಗೆ ಬೈಕ್ ನುಗ್ಗಬಾರದು ಅಂತ ಬಾಗಿಲಲ್ಲಿ ಕಬ್ಬಿಣದ ಕಂಬ ನೆಡುತ್ತಾರೆ. ಇಲ್ಲವೇ ಸುತ್ತಿ ಬಳಸಿ ಹೋಗುವ ಕಂಬಿ ಹಾಕುತ್ತಾರೆ. ಬೈಕ್ ಹ್ಯಾಂಡಲ್ ಅಗಲ ಹೆಚ್ಚು ಕಡಿಮೆ 70–80 ಸೆಂಟಿಮೀಟರ್. ಗಾಲಿಕುರ್ಚಿಯ ಅಗಲವೂ ಅದರ ಆಸುಪಾಸಿನಲ್ಲೇ ಇರುತ್ತದೆ. ಅಂದಮೇಲೆ ಬೈಕ್ ನಿಲ್ಲಿಸುವ ಕಂಬ ಗಾಲಿಕುರ್ಚಿಯನ್ನೂ ನಿಲ್ಲಿಸುತ್ತದೆ. ಗಾಲಿಕುರ್ಚಿ ಆರಾಮಾಗಿ ಹೋಗಲು 90 ಸೆಂಟಿಮೀಟರ್ ಬಿಟ್ಟರೆ ಬೈಕೂ ಹೋಗುತ್ತದೆ. ಕಂಬದಿಂದ ಈ ಸಮಸ್ಯೆ ಬಗೆಹರಿಯುವುದೇ ಇಲ್ಲ. ಕಾವಲುಗಾರ ಬೇಕು, ಬೈಕ್ ತಂದವರಿಗೆ ದಂಡ ಬೇಕು. ಕಂಬಕ್ಕೆ ಸಂಬಳ ಕೊಡಬೇಕಿಲ್ಲ ಅನ್ನುವುದೊಂದೇ ಅದರ ಅನುಕೂಲ.

ಶೌಚಾಲಯದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ನೀವೂ ನೋಡಿರುತ್ತೀರಿ. ಗಾಲಿಕುರ್ಚಿಯ ಚಿತ್ರ ಬರೆದ ಬಾಗಿಲು, ಅದಕ್ಕೆ ಬೀಗ, ಒಳಗೆ ಕಸಬರಿಗೆ, ಬಕೆಟ್, ಫಿನಾಯಿಲ್ ಡಬ್ಬಿ. ಕೀಲಿ ಯಾರ ಹತ್ತಿರವೋ, ಅವರು ಊಟಕ್ಕೆ ಹೋಗಿರುತ್ತಾರೆ. ತೆರೆದಿದ್ದರೂ ಬಾಗಿಲು ಒಳಗೆ ತೆರೆಯುವಂಥದ್ದಾದರೆ ಕುರ್ಚಿ ಒಳಗೆ ಹೋದ ಮೇಲೆ ಬಾಗಿಲು ಹಾಕಲು ಬರುವುದಿಲ್ಲ. ಬಾಗಿಲು ಹೊರಗೆ ತೆರೆಯಬೇಕು, ಒಳಗೆ ಕುರ್ಚಿ ಸುತ್ತು ಹೊಡೆಯಲು ಒಂದೂವರೆ ಮೀಟರ್ ಖಾಲಿ ಜಾಗ ಇರಬೇಕು, ಹಿಡಿದು ಏಳಲು ಗೋಡೆಗೆ ಕಂಬಿ ಇರಬೇಕು. ಶೌಚಾಲಯ ಇಲ್ಲ ಅಂತ ಗೊತ್ತಿದ್ದರೆ ಎಷ್ಟೋ ಹೆಣ್ಣುಮಕ್ಕಳು ಬೆಳಗಿನಿಂದ ನೀರೇ ಕುಡಿಯದೆ ಬರುತ್ತಾರೆ. ಇದಕ್ಕೆ ಅಂಗವಿಕಲತೆ ಇರಲೇಬೇಕಂತಿಲ್ಲ. ಬಟ್ಟೆ ಬದಲಿಸುವ ಕೋಣೆಯೂ ಹಾಗೇ. ಇಬ್ಬರು ಸೀರೆ ಅಡ್ಡ ಹಿಡಿದು ಮೂರನೆಯವಳು ಒದ್ದೆ ಬಟ್ಟೆ ಬಿಚ್ಚುವ ಪದ್ಧತಿಯನ್ನು ಒಂದು ಗೋಡೆ, ಒಂದು ಬೆಂಚ್, ಒಂದು ಗೂಟ ಸೇರಿ ಮುಗಿಸಬಹುದು. ಕೋಣೆ ಸ್ವಲ್ಪ ದೊಡ್ಡದಿರಲಿ. ಬಟ್ಟೆ ಹಾಕಿಕೊಳ್ಳಲು ಮಗಳ ಸಹಾಯ ಬೇಕಾದವರಿಗೆ ಇಬ್ಬರು ಹಿಡಿಸುವ ಜಾಗ ಬೇಕು.

ಕಿವಿ ಕೇಳದವರ ವಿಚಾರ ಸಾಮಾನ್ಯವಾಗಿ ಯಾರ ನೆನಪಿಗೂ ಬರುವುದಿಲ್ಲ. ನಮ್ಮ ಹೊಳೆಗಳಲ್ಲಿ ಇದು ಜೀವದ ಪ್ರಶ್ನೆ. ಜಲಾಶಯದ ಗೇಟ್ ತೆಗೆಯುವಾಗ ಸೈರನ್ ಕೂಗಿಸುತ್ತಾರೆ, ಊರಲ್ಲಿ ಡಂಗುರ ಸಾರುತ್ತಾರೆ. ಎರಡೂ ಕಿವಿಗೇ. ಹೊಳೆಯಲ್ಲಿ ಬಟ್ಟೆ ಒಗೆಯುತ್ತ ಬೆನ್ನು ತಿರುಗಿಸಿ ನಿಂತ, ಕಿವಿ ಕೇಳದ ಹೆಣ್ಣುಮಗಳಿಗೆ ನೀರು ಬರುವುದು ಗೊತ್ತಾಗುವುದು ನೀರು ಬಂದ ಮೇಲೇ. ಸೈರನ್ ಜೊತೆ ಕೆಂಪು ದೀಪ ಮಿನುಗುವಂತೆ ಮಾಡುವುದು ದೊಡ್ಡ ಖರ್ಚಲ್ಲ. ಕಣ್ಣು ಕಾಣದವರಿಗೆ ತಿರುಗಾ ಮುರುಗಾ ತೊಂದರೆ. ‘ಮೊಸಳೆ ಇವೆ, ನೀರಿಗೆ ಇಳಿಯಬೇಡಿ’ ಅಂತ ಹಲಗೆ ಇರುತ್ತದೆ. ಓದಲು ಬಾರದವರಿಗೆ, ಕಾಣದವರಿಗೆ ಅದು ಇಲ್ಲದಂತೆಯೇ. ನೀರಿನ ಅಂಚಿಗೆ ಎರಡು ಹೆಜ್ಜೆ ಮೊದಲು ಗುಬುಟುಗುಬುಟಾದ ಟೈಲ್ಸ್ ಹಾಸಿದರೆ ಪಾದಕ್ಕೂ ಕೋಲಿಗೂ ‘ಇಲ್ಲಿ ನಿಲ್ಲು’ ಅಂತ ಗೊತ್ತಾಗುತ್ತದೆ. ಬಸ್ ನಿಲ್ದಾಣಗಳಲ್ಲಿ ನೋಡಿರುತ್ತೀರಿ: ಉದ್ದ ಗೆರೆ ಇದ್ದದ್ದು ಮುಂದೆ ನಡೆ ಅನ್ನುವುದಕ್ಕೆ, ಗುಂಡು ಬೊಟ್ಟು ಇದ್ದದ್ದು ಎಚ್ಚರಿಕೆಗೆ. ಹಾಕುವವರು ಕೆಲವೊಮ್ಮೆ ಡಿಸೈನ್ ಅಂದುಕೊಂಡು ಎರಡನ್ನೂ ಕಲಸಿಬಿಡುತ್ತಾರೆ. ನೀರಿನ ಅಂಚಿನಲ್ಲಿ ಆ ತಪ್ಪಾದರೆ ಟೈಲ್ಸೇ ಮನುಷ್ಯನನ್ನು ನೀರಿಗೆ ಕರೆದೊಯ್ಯುತ್ತದೆ.

ಮೊಸಳೆ, ಸೆಳೆತ ಎರಡೂ ಇರುವ ಕಡೆ ಎಲ್ಲರನ್ನೂ ಹೊಳೆಗೇ ಇಳಿಸಬೇಕು ಅನ್ನುವ ಹಟ ಬೇಡ. ದಂಡೆಯಲ್ಲೇ ಮೊಣಕಾಲು ಆಳದ ಹೊಂಡ ಕಟ್ಟಿ, ಹೊಳೆಯ ನೀರನ್ನೇ ಪಂಪ್ ಮಾಡಿ ಹರಿಯಬಿಟ್ಟು, ಒಂದು ಕಡೆ ಸಪಾಟಾಗಿ ಇಳಿಜಾರು ಮಾಡಿದರೆ ಗಾಲಿಕುರ್ಚಿಯಲ್ಲೇ ನೀರೊಳಗೆ ಹೋಗಬಹುದು. ಮಕ್ಕಳು, ಬಸುರಿಯರು, ವಯಸ್ಸಾದವರು ಎಲ್ಲರಿಗೂ ಅದು ಹೊಳೆಗಿಂತ ಸುರಕ್ಷಿತ. ಮೇಲೆ ಎರಡು ನಲ್ಲಿ ಹಾಕಿ ‘ಅಂಗವಿಕಲರ ಸ್ನಾನದ ಜಾಗ’ ಅಂತ ಬೋರ್ಡ್ ಬರೆಯುವುದಕ್ಕಿಂತ ಇದು ಸಾವಿರ ಪಾಲು ಮೇಲು, ಯಾಕಂದ್ರೆ ಇಲ್ಲಿ ಇಡೀ ಮನೆಮಂದಿ ಒಟ್ಟಿಗೆ ಇಳಿಯುತ್ತಾರೆ.

ಈ ಮಾತು ಎತ್ತಿದಾಗೆಲ್ಲ ನಮ್ಮ ಕಡೆ ಒಂದು ಉತ್ತರ ತಯಾರಿರುತ್ತದೆ. “ಯಾಕ್ರೀ ಚಿಂತಿ? ನಾಕ್ ಮಂದಿ ಇದ್ದೇವಲ್ಲ, ಎತ್ಗೊಂಡ್ ಇಳಸ್ತೇವಿ.” ಆ ಮಾತಿನಲ್ಲಿ ಕಪಟ ಇಲ್ಲ, ನಿಜವಾಗಿಯೂ ಎತ್ತುತ್ತಾರೆ. ಆದರೆ ಎತ್ತಿಸಿಕೊಳ್ಳುವವರ ಕಡೆಯಿಂದ ಯೋಚಿಸಿ. ಒದ್ದೆ ಮೆಟ್ಟಿಲಿನಲ್ಲಿ ಒಬ್ಬನ ಕಾಲು ಜಾರಿದರೆ ಐದೂ ಜನ ಕೆಳಗೆ. ಇಪ್ಪತ್ತೆರಡರ ಹುಡುಗಿಯನ್ನು ಗುರುತಿಲ್ಲದ ನಾಲ್ಕು ಗಂಡಸರು ಎತ್ತುವುದು ಅವಳಿಗೆ ಹೇಗಿರುತ್ತದೆ? ಇನ್ನೊಂದು ಸಲ ಹೋಗಬೇಕು ಅನಿಸಿದರೆ ಮತ್ತೆ ನಾಲ್ಕು ಜನರನ್ನು ಕೇಳಬೇಕು. ಹಾಗಾಗಿ ಅವಳು ಕೇಳುವುದೇ ಇಲ್ಲ. ‘ಯಾರೂ ಬರೋದಿಲ್ಲ, ಯಾರಿಗೆ ಅಂತ ರ‍್ಯಾಂಪ್ ಕಟ್ಟೋದು’ ಅನ್ನುವ ಮಾತು ಹುಟ್ಟುವುದು ಹೀಗೆ. 2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದರು. ಮೊಣಕಾಲು ನೋವಿನ ಆಯಿಯಂದಿರು ಆ ಲೆಕ್ಕದಲ್ಲಿ ಸೇರಿಲ್ಲ.

ಕಾನೂನು ಏನು ಹೇಳುತ್ತದೆ? ಸಂವಿಧಾನದ 15ನೇ ವಿಧಿಯಲ್ಲೇ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಂತ ಹೆಸರಿಟ್ಟು ಬರೆದಿದೆ. ಸರ್ಕಾರದ ಹಣದಲ್ಲಿ ನಡೆಯುವ ಇಂಥ ಜಾಗಗಳನ್ನು ಬಳಸಲು ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಜಾಗದ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ. 1927ರಲ್ಲಿ ಮಹಾಡದ ಚವದಾರ ಕೆರೆಯ ನೀರು ಮುಟ್ಟಲು ಅಂಬೇಡ್ಕರ್ ಸತ್ಯಾಗ್ರಹವನ್ನೇ ಮಾಡಬೇಕಾಗಿ ಬಂದ ದೇಶ ಇದು. ಸ್ನಾನಘಟ್ಟ ಅನ್ನುವ ಮಾತು ಸಂವಿಧಾನದೊಳಗೆ ಸುಮ್ನೆ ಬಂದಿಲ್ಲ. ಆ ಸಾಲಿನಲ್ಲಿ ಅಂಗವಿಕಲತೆಯ ಹೆಸರಿಲ್ಲ. ಅದನ್ನು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ತುಂಬಿತು. ಆ ಕಾಯ್ದೆಯಲ್ಲಿ ಸಾರ್ವಜನಿಕ ಕಟ್ಟಡ ಅಂದ್ರೆ ಆಫೀಸು, ಆಸ್ಪತ್ರೆ ಮಾತ್ರ ಅಲ್ಲ. ಧಾರ್ಮಿಕ ಜಾಗ, ಮನರಂಜನೆಯ ಜಾಗ, ಬಸ್ ನಿಲ್ದಾಣ ಎಲ್ಲ ಸೇರುತ್ತವೆ. ಒಂದು ಸಮಸ್ಯೆ ಉಳಿದಿತ್ತು. ಅಳತೆಗಳೆಲ್ಲ ‘ಹೀಗೆ ಮಾಡಿದರೆ ಒಳ್ಳೆಯದು’ ಅನ್ನುವ ಸಲಹೆಯ ಧಾಟಿಯಲ್ಲೇ ಇದ್ದವು. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹಿಡಿದು, ಸಲಹೆ ಸಾಲದು, ತಪ್ಪದೆ ಪಾಲಿಸಬೇಕಾದ ನಿಯಮಗಳನ್ನು ಮೂರು ತಿಂಗಳಲ್ಲಿ ಮಾಡಿ ಅಂತ ಕೇಂದ್ರಕ್ಕೆ ಹೇಳಿತು.

ಊರ ಮಟ್ಟದಲ್ಲಿ ದುಡ್ಡಿನ ದಾರಿಯೂ ಇದೆ. ಪಂಚಾಯಿತಿ, ಪುರಸಭೆಗಳಲ್ಲಿ ಅಂಗವಿಕಲರಿಗೆ ಅಂತ ಶೇ 5ರ ಅನುದಾನ ತೆಗೆದಿಡುತ್ತಾರೆ. ಅದು ಹೆಚ್ಚಾಗಿ ಬೇರೆ ಕಡೆ ಖರ್ಚಾಗುತ್ತದೆ, ಘಾಟ್ ಕಡೆ ಬರುವುದು ಕಡಿಮೆ. ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಊರಲ್ಲಿ ಯಾರಿಗೆ ಏನು ತೊಂದರೆ ಅಂತ ಅವರಿಗೆ ಗೊತ್ತು. ಅರ್ಜಿ ಕೊಡುವ ಮೊದಲು ಅವರ ಜೊತೆ, ಗಾಲಿಕುರ್ಚಿ ಬಳಸುವವರೊಬ್ಬರು, ಕಣ್ಣು ಕಾಣದವರೊಬ್ಬರು, ಕೋಲು ಹಿಡಿದ ಅಜ್ಜ ಒಬ್ಬರು, ಇಷ್ಟು ಜನ ಸೇರಿ ಬಸ್ ಇಳಿಯುವ ಜಾಗದಿಂದ ನೀರಿನವರೆಗೆ ಒಮ್ಮೆ ಹೋಗಿ ಬನ್ನಿ. ಎಲ್ಲಿ ನಿಲ್ಲಬೇಕಾಗುತ್ತದೋ ಅಲ್ಲಿ ಫೋಟೊ ತೆಗೆಯಿರಿ, ಟೇಪ್ ಹಿಡಿದು ಅಳೆಯಿರಿ. ಬಸ್ಸಿನ ಮೆಟ್ಟಿಲಿಂದ ನೀರಿನವರೆಗೆ ಎಲ್ಲ ಸರಿ ಇದ್ದು ನಡುವೆ ಒಂದೇ ಒಂದು ಗಟಾರದ ಮೇಲೆ ಹಾಸು ಇಲ್ಲದಿದ್ದರೆ ಕೋಟಿಯ ರ‍್ಯಾಂಪೂ ದಂಡ. ಆ ಗಟಾರಕ್ಕೆ ಒಂದು ಕಲ್ಲು ಹಾಕುವುದು ಮೊದಲ ಕೆಲಸ. ಬೀಗ ತೆಗೆಸುವುದು ಎರಡನೆಯದು. ಇವೆರಡಕ್ಕೂ ಟೆಂಡರ್ ಬೇಕಿಲ್ಲ.

ಅರ್ಜಿಯಲ್ಲಿ ‘ರ‍್ಯಾಂಪ್ ಬೇಕು’ ಅಂತ ಒಂದೇ ಸಾಲು ಬರೆದರೆ ಅದೇ ನಾಲ್ಕಕ್ಕೆ ಒಂದರ ಕಾಂಕ್ರೀಟ್ ಬರುತ್ತದೆ. ಮೆಟ್ಟಿಲು ಎಷ್ಟು, ಒಟ್ಟು ಎತ್ತರ ಎಷ್ಟು, ಅದಕ್ಕೆ ಎಷ್ಟು ಉದ್ದದ ಇಳಿಜಾರು ಬೇಕು, ಅಕ್ಟೋಬರ್, ಜನವರಿ, ಮೇ ತಿಂಗಳಲ್ಲಿ ನೀರು ಯಾವ ಮೆಟ್ಟಿಲವರೆಗೆ ಇರುತ್ತದೆ, ಪ್ರವಾಹದ ನಂತರ ತೊಳೆಯುವವರು ಯಾರು, ಶೌಚಾಲಯದ ಕೀಲಿ ಯಾರ ಹತ್ತಿರ ಇರಬೇಕು. ಇಷ್ಟನ್ನು ಬರೆದು ಕೊಟ್ಟರೆ ಎಂಜಿನಿಯರ್ ಅದೇ ದಿನ ಅಂದಾಜು ಪಟ್ಟಿಗೆ ಕೂರಬಹುದು. ನೀರಿನ ಮಟ್ಟದ ಲೆಕ್ಕ ನೀರಾವರಿ ಇಲಾಖೆಯಲ್ಲೂ ಸಿಗುತ್ತದೆ. ದಂಡೆಯಲ್ಲಿ ಬಟ್ಟೆ ಒಗೆಯುವವರನ್ನು ಕೇಳಿದರೆ ಮೆಟ್ಟಿಲು ತೋರಿಸಿಯೇ ಹೇಳುತ್ತಾರೆ.